ಚದರದ ದರ ಮತ್ತು ಮೇಸ್ತ್ರಿಯ ಕೂಲಿ

ಮನೆ ಕಟ್ಟಿಸುವವರು ಗಾರೆ ಮೇಸ್ತ್ರಿಯೊಡನೆ ಸಾಮಾನ್ಯವಾಗಿ ಮಾಡಿಕೊಳ್ಳುವ ಒಪ್ಪಂದವು ಚದರದ ಲೆಕ್ಕದ್ದು. ಚದರವೆಂದರೆ 100 ಚದರಡಿ, ಸಾಮಗ್ರಿಯನ್ನು ಮಾಲೀಕರೇ ಒದಗಿಸಿ ಕೂಲಿಯನ್ನಷ್ಟೇ ಇಡಿಯಾಗಿ ನಿಗದಿಪಡಿಸುವ ಪದ್ಧತಿಗೆ ಲೇಬರ್ ಕಂಟ್ರಾಕ್ಟ್ ಎಂದು ಹೆಸರು. ದರ ಒಮ್ಮೆ ನಿಂತ ಮೇಲೆ ಕೆಲಸ ಎಷ್ಟು ದಿನ ಹಿಡಿದರೂ ಹಣ ಅಷ್ಟೇ.

ತನ್ನ ಅಂದಾಜು ತಪ್ಪಿದ್ದರೆ ನಷ್ಟವನ್ನು ಮೇಸ್ತ್ರಿ ಹೊರುವುದು ನ್ಯಾಯವೇ. ಆದರೆ ಪಾಯ ಅಗೆಯುವಾಗ ಮೂರಡಿಗೇ ಬಂಡೆ ಸಿಕ್ಕರೆ, ಅಥವಾ ಕಟ್ಟಿ ಮುಗಿದ ಗೋಡೆಯನ್ನು ಮನೆಯವರು ಕಿಟಕಿಗಾಗಿ ಒಡೆಸಿದರೆ, ಅದು ಅಂದಾಜಿನ ತಪ್ಪಲ್ಲ. ಒಡೆದ ಜಾಗಕ್ಕೆ ಲಿಂಟಲ್ ಕೂರಿಸಿ, ಅಂಚು ಕಟ್ಟಿ, ಮತ್ತೆ ಗಾರೆ ಮಾಡಿ ನೀರುಣಿಸುವಷ್ಟರಲ್ಲಿ ಇಬ್ಬರು ಆಳುಗಳ ಎರಡು ಮೂರು ದಿನ ಸವೆಯುತ್ತದೆ. ಅವರ ಶನಿವಾರದ ಬಟವಾಡೆಯನ್ನು ಮೇಸ್ತ್ರಿ ತನ್ನ ಕೈಯಿಂದಲೇ ತೆರಬೇಕಾಗುತ್ತದೆ, ಇದು ಖಂಡಿತ ಅನ್ಯಾಯ.

ಪುಕ್ಕಟೆಯೆಂಬ ಉದ್ದೇಶವಿಲ್ಲದೆ ಕಾನೂನುಬದ್ಧವಾಗಿ ಮಾಡಿಕೊಟ್ಟ ಕೆಲಸದ ಲಾಭ ಪಡೆದವರು ಅದಕ್ಕೆ ಪರಿಹಾರ ಕೊಡಬೇಕೆಂದು 1872ರ ಭಾರತೀಯ ಕರಾರು ಕಾಯ್ದೆಯ 70ನೆಯ ಕಲಮು ಹೇಳುತ್ತದೆ. ಕೋರ್ಟಿನ ಮೆಟ್ಟಿಲು ಹತ್ತುವ ಮೇಸ್ತ್ರಿಗಳು ವಿರಳವಾದ್ದರಿಂದ, ಹೆಚ್ಚುವರಿ ಕೆಲಸದ ದಿನಗೂಲಿಯನ್ನು ಮೊದಲೇ ಬರೆದಿಟ್ಟು, ಪಾಯ, ಲಿಂಟಲ್, ಮೋಲ್ಡ್ (ಅಂದರೆ ತಾರಸಿಯ ಕಾಂಕ್ರೀಟು) ಮುಗಿದಂತೆಲ್ಲ ಕಂತು ಸಲ್ಲಿಸುವುದು ಸರಿಯಾದ ಕ್ರಮ. ಬಿರುಕು, ಸೋರಿಕೆ ನೋಡಲೆಂದು ಕೊನೆಯ ಕಂತಿನ ಒಂದು ಪಾಲನ್ನು ತಡೆಹಿಡಿಯುವುದಾದರೆ, ಅದನ್ನು ಕೊಟ್ಟು ಮುಗಿಸುವ ತಾರೀಖೂ ಅದೇ ಕಾಗದದಲ್ಲಿರಬೇಕು.