ಮೆಚ್ಚುಗೆಯ ಲೆಕ್ಕವೂ ಮಾತಿನ ಪ್ರಾಮಾಣಿಕತೆಯೂ

ಸಾರ್ವಜನಿಕ ಚರ್ಚೆಗೆ ಪ್ರಾಮಾಣಿಕತೆಯೇ ಜೀವವು. ವಾದಿಸುವವನು ತಾನು ನಂಬಿದುದನ್ನೇ ನುಡಿಯುತ್ತಿರುವನೆಂಬ ವಿಶ್ವಾಸವಿಲ್ಲದಿದ್ದಲ್ಲಿ ಪ್ರತಿವಾದಿಯು ಉತ್ತರ ಹೇಳುವುದಾದರೂ ಯಾರಿಗೆ? ಸಾಮಾಜಿಕ ಜಾಲತಾಣಗಳಲ್ಲಿ ಈ ವಿಶ್ವಾಸವು ದಿನೇ ದಿನೇ ಕ್ಷೀಣಿಸುತ್ತಿರುವುದು ವಾಚಕರಿಗೆ ತಿಳಿದ ಸಂಗತಿಯೇ ಆಗಿದೆ.

೨೦೦೯ನೆಯ ಇಸವಿಯಲ್ಲಿ ಫೇಸ್‌ಬುಕ್ಕು 'ಲೈಕ್' ಗುಂಡಿಯನ್ನು ಬಳಕೆಗೆ ತಂದಿತು. ಅದೇ ವರ್ಷ, ಈಗ ಎಕ್ಸ್ ಎನಿಸಿರುವ ಟ್ವಿಟ್ಟರು ಪರರ ಮಾತನ್ನು ಒಂದೇ ಒತ್ತಿನಿಂದ ಹಂಚುವ ಸೌಕರ್ಯವನ್ನು ಒದಗಿಸಿತು. ಸಭೆಯ ಚಪ್ಪಾಳೆಯು ಸಭೆಯೊಡನೆಯೇ ಮುಗಿಯುತ್ತಿದ್ದಿತು. ಈ ಚಪ್ಪಾಳೆಯಾದರೋ ಅಂಕಿಯಾಗಿ ಕಣ್ಣೆದುರು ನಿಂತು, ನಾಳೆ ಏನನ್ನು ಆಡಬೇಕೆಂಬುದನ್ನು ಮಾತಿನವನಿಗೆ ಕಲಿಸುತ್ತದೆ.

ಇದು ಬರಿಯ ಊಹೆಯಲ್ಲ. ಅಮೆರಿಕೆಯ ಯೇಲ್ ವಿಶ್ವವಿದ್ಯಾನಿಲಯದ ವಿದ್ವಾಂಸರು ೭,೩೩೧ ಮಂದಿಯ ೧ ಕೋಟಿ ೨೭ ಲಕ್ಷ ಟ್ವೀಟುಗಳನ್ನು ಪರಿಶೀಲಿಸಿ, ೨೦೨೧ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ಆಕ್ರೋಶದ ಮಾತಿಗೆ ಹೆಚ್ಚು ಮೆಚ್ಚುಗೆ ಪಡೆದವರು ಮುಂದೆ ಮತ್ತಷ್ಟು ಆಕ್ರೋಶದಿಂದಲೇ ಬರೆದರೆಂದು ಅವರು ಕಂಡರು. ರಾಜಕೀಯದಲ್ಲಿ ಮಧ್ಯಮಮಾರ್ಗಿಗಳಾದವರ ಒಡನಾಟದಲ್ಲಿದ್ದವರೇ ಈ ಪ್ರಭಾವಕ್ಕೆ ಹೆಚ್ಚಾಗಿ ಒಳಗಾದುದು ವಿಶೇಷವು.

ಅನ್ಯಾಯವನ್ನು ಕಂಡು ಹುಟ್ಟಿದ ಕೋಪವು ನ್ಯಾಯವಾದುದು. ಅಂಕಿಯನ್ನು ಕಂಡು ಬೆಳೆದ ಕೋಪವು ವೇಷವು. ಬಹುಕಾಲ ವೇಷ ಧರಿಸಿದವನಿಗೆ ತನ್ನ ಮುಖವೇ ಮರೆತುಹೋಗುವುದುಂಟು. ಇದರ ಫಲವನ್ನು ಉಣ್ಣುವವರು ಬಡವರು. ನಿಜವಾಗಿ ನೊಂದವನು ಮೊರೆಯಿಟ್ಟಾಗ ಜನರು ಅದನ್ನೂ ನಾಟಕವೆಂದು ಬಗೆದು ಮುಂದೆ ಸಾಗುವರು. ಅಧಿಕಾರಿಗಳೂ ಅದೇ ನೆಪದಿಂದ ಕಿವಿ ಮುಚ್ಚಿಕೊಳ್ಳುವರು. ಲೋಕಾಭಿಪ್ರಾಯವನ್ನೇ ಆಧಾರವಾಗುಳ್ಳ ಪ್ರಜಾಪ್ರಭುತ್ವಕ್ಕೆ ಇದಕ್ಕಿಂತ ದೊಡ್ಡ ಹಾನಿಯು ಬೇರೊಂದಿಲ್ಲ.

ಪರಿಹಾರವು ಅಸಾಧ್ಯವೇನಲ್ಲ. ಲೇಖನವನ್ನು ತೆರೆಯದೆಯೇ ಹಂಚಹೊರಟವರಿಗೆ ಮೊದಲು ಓದಿರೆಂದು ಸೂಚಿಸುವ ಏರ್ಪಾಡನ್ನು ಟ್ವಿಟ್ಟರು ೨೦೨೦ರಲ್ಲಿ ಪರೀಕ್ಷಿಸಿತು. ಸೂಚನೆಯನ್ನು ಕಂಡವರು ಲೇಖನವನ್ನು ತೆರೆಯುವುದು ಶೇಕಡ ೪೦ರಷ್ಟು ಹೆಚ್ಚಿತೆಂದು ಆ ಸಂಸ್ಥೆಯೇ ತಿಳಿಸಿತು. ೨೦೨೧ರಲ್ಲಿ ಫೇಸ್‌ಬುಕ್ಕೂ ಇನ್‌ಸ್ಟಾಗ್ರಾಮೂ ಮೆಚ್ಚುಗೆಯ ಸಂಖ್ಯೆಯನ್ನು ಮರೆಮಾಡಿಕೊಳ್ಳಲು ಅವಕಾಶವಿತ್ತವು. ಆದರೆ ಯಂತ್ರದ ಕಡಿವಾಣಕ್ಕಿಂತ ಮನಸ್ಸಿನ ಕಡಿವಾಣವು ಮೇಲು.

ವಾಚಕರಲ್ಲಿ ನಮ್ಮ ವಿಜ್ಞಾಪನೆಯು ಇಷ್ಟೇ: ಯಾರೊಬ್ಬರೂ ಮೆಚ್ಚದಿದ್ದರೂ ಈ ಮಾತನ್ನು ಆಡುವೆನೇ? ಪ್ರತಿವಾದಿಯು ಎದುರಿಗೆ ಕುಳಿತಿದ್ದರೂ ಆಡುವೆನೇ? ಈ ಎರಡು ಪ್ರಶ್ನೆಗಳಿಗೂ ಹೌದೆಂದು ಉತ್ತರಿಸಬಲ್ಲವರು ನಿರ್ಭಯವಾಗಿ ಬರೆಯಲಿ. ಸ್ವಪಕ್ಷದವನ ಬೈಗುಳಕ್ಕೆ ಮೆಚ್ಚುಗೆಯನ್ನೊತ್ತುವವರೂ ಆ ಬೈಗುಳದಲ್ಲಿ ಪಾಲುಗಾರರೆಂಬುದನ್ನು ಮರೆಯದಿರಲಿ.