ಕರೆಯದೆ ಬಂದವಳ ಮದುವೆಮನೆ

ನ್ಯೂಪೋರ್ಟ್‌ನ ಕಡಲ ದಂಡೆಯಲ್ಲಿ ಒಂದು ದುಬಾರಿ ಹೋಟೆಲು. ಲಾಬಿಯ ತುಂಬ ಮದುವೆಗೆ ಬಂದವರ ಗದ್ದಲ. ಅವರ ನಡುವೆ ಪಚ್ಚೆ ಬಣ್ಣದ ರೇಷ್ಮೆ ಗೌನು, ಹೊಂಬಣ್ಣದ ಹೈಹೀಲ್ಸ್ ತೊಟ್ಟ ಹೆಂಗಸೊಬ್ಬಳು ಬಂದು ನಿಲ್ಲುತ್ತಾಳೆ. ಕೈಯಲ್ಲಿ ಪೆಟ್ಟಿಗೆಯಿಲ್ಲ, ಬ್ಯಾಗಿಲ್ಲ. ಆ ಉಡುಪು ನೋಡಿದ ಎಲ್ಲರೂ ಅವಳನ್ನು ಮದುವೆಯ ನೆಂಟಳೆಂದೇ ತಿಳಿಯುತ್ತಾರೆ. ಇಡೀ ಹೋಟೆಲಿನಲ್ಲಿ ಮದುವೆಗೆಂದು ಬಾರದವಳು ಅವಳೊಬ್ಬಳೇ.

ಅಮೆರಿಕದ ಲೇಖಕಿ ಆಲಿಸನ್ ಎಸ್ಪಾಕ್ ಅವರ ‘ದಿ ವೆಡ್ಡಿಂಗ್ ಪೀಪಲ್’ (2024) ಕಾದಂಬರಿ ಶುರುವಾಗುವುದು ಹೀಗೆ. ನಾಯಕಿ ಫೀಬಿ ಸ್ಟೋನ್ ಸೇಂಟ್ ಲೂಯಿಸ್‌ನಲ್ಲಿ ಸಾಹಿತ್ಯದ ಪಾಠ ಹೇಳುವವಳು. ಮಗುವಿಗಾಗಿ ಮಾಡಿಸಿಕೊಂಡ ಐವಿಎಫ್ ಚಿಕಿತ್ಸೆ ಫಲಿಸಿಲ್ಲ. ಗಂಡ ಇನ್ನೊಬ್ಬಳ ಕೈ ಹಿಡಿದು ಹೋಗಿದ್ದಾನೆ. ಸಾಕಿದ ಬೆಕ್ಕೂ ಸತ್ತಿದೆ. ಗಂಡನ ಜೊತೆ ಬರಬೇಕೆಂದು ಆಸೆಪಟ್ಟಿದ್ದ ಹೋಟೆಲಿಗೆ ಈಗ ಒಬ್ಬಳೇ ಬಂದಿದ್ದಾಳೆ, ಬದುಕನ್ನು ಮುಗಿಸಿಕೊಳ್ಳಲು.

ಲಿಫ್ಟಿನಲ್ಲಿ ಮದುಮಗಳು ಲೀಲಾ ಎದುರಾಗುತ್ತಾಳೆ. ಫೀಬಿ ಇದ್ದದ್ದನ್ನು ಇದ್ದಂತೆ ಹೇಳಿಬಿಡುತ್ತಾಳೆ. ಲೀಲಾ ಬೆಚ್ಚಿಬೀಳುತ್ತಾಳೆ, ಜೊತೆಗೇ ಸಿಟ್ಟಾಗುತ್ತಾಳೆ: ಹತ್ತು ಲಕ್ಷ ಡಾಲರ್ ಸುರಿದು, ಕೋವಿಡ್ ದಾಟುವತನಕ ಕಾದು ಮಾಡುತ್ತಿರುವ ಮದುವೆ ಇದು, ಈ ವಾರ ಇಲ್ಲಿ ಯಾರೂ ಸಾಯುವ ಹಾಗಿಲ್ಲ! ಕೇಳಲು ಸ್ವಾರ್ಥದ ಮಾತು. ಆದರೆ ಎಷ್ಟೋ ದಿನಗಳಿಂದ ಫೀಬಿಯನ್ನು ಯಾರೂ ಇಷ್ಟು ನೇರವಾಗಿ ಮಾತನಾಡಿಸಿರಲಿಲ್ಲ. ಮನೆಯವರ ಮುಂದೆ ಬಾಯಿಗೆ ಬಾರದ ನಿಜವನ್ನು ಈ ಇಬ್ಬರು ಪರಸ್ಪರರ ಮುಂದೆ ಹೇಳಿಕೊಳ್ಳುತ್ತ ಹೋಗುತ್ತಾರೆ. ಕಾದಂಬರಿಯ ಜೀವ ಇರುವುದು ಅಲ್ಲೇ. ನೋಡನೋಡುತ್ತ ಫೀಬಿ ಮದುಮಗಳ ಪಕ್ಕದಲ್ಲಿ ನಿಲ್ಲಬೇಕಾದ ಗೆಳತಿಯೇ ಆಗಿಬಿಡುತ್ತಾಳೆ.

ಮುಂದೇನಾಗುತ್ತದೆಂದು ಓದುಗರು ಬೇಗನೆ ಊಹಿಸುತ್ತಾರೆ. ಮದುಮಗ ಗ್ಯಾರಿ ಹೆಂಡತಿಯನ್ನು ಕಳೆದುಕೊಂಡವನು, ಒಬ್ಬ ಮಗಳ ತಂದೆ. ಅವನಿಗೂ ಫೀಬಿಗೂ ಮಾತು ಕೂಡಿದ ಮೊದಲ ರಾತ್ರಿಯೇ ಕಥೆ ಯಾವ ಕಡೆ ಹೊರಳುತ್ತದೆಂಬ ಸುಳಿವು ಸಿಗುತ್ತದೆ. ಇದನ್ನು ಕೊರತೆಯೆಂದು ಎಣಿಸಬೇಕಾಗಿಲ್ಲ. ಜೇನ್ ಆಸ್ಟಿನ್‌ಳ ‘ಪ್ರೈಡ್ ಆಂಡ್ ಪ್ರೆಜುಡಿಸ್’ 1813ರಲ್ಲಿ ಬಂತು. ಅದರ ನಾಯಕಿ ಎಲಿಜಬೆತ್ ಯಾರನ್ನು ಮದುವೆಯಾಗುತ್ತಾಳೆಂದು ಗೊತ್ತಿದ್ದೂ ಜನ ಇವತ್ತಿಗೂ ಓದುತ್ತಾರೆ. ಫೀಬಿ ಓದಿ ಬೆಳೆದದ್ದೂ 19ನೇ ಶತಮಾನದ ಅಂಥ ಮದುವೆಯ ಕಥೆಗಳನ್ನೇ. ಕೊನೆ ತಿಳಿದಿರುವುದರಿಂದಲೇ ಓದುಗರ ಕಣ್ಣು ಅವಳ ಸಣ್ಣಸಣ್ಣ ಬದಲಾವಣೆಗಳ ಮೇಲೆ ನಿಲ್ಲುತ್ತದೆ: ಮತ್ತೆ ಹಸಿವಾಗುವುದು, ಬೇಡದ್ದಕ್ಕೆ ಬೇಡ ಅನ್ನುವುದು, ನಾಳೆಯ ಮಾತಾಡುವುದು.

ಎಸ್ಪಾಕ್ ದುಃಖದ ಬಗ್ಗೆ ಮೊದಲೂ ಬರೆದಿದ್ದರು. 2022ರ ಅವರ ಕಾದಂಬರಿಯಲ್ಲಿ ಹುಡುಗಿಯೊಬ್ಬಳು ಅಕ್ಕನನ್ನು ಕಳೆದುಕೊಳ್ಳುತ್ತಾಳೆ. ಇಲ್ಲಿನ ನಗು ಹಗುರಾಗಿ ತೇಲಿಹೋಗದಿರುವುದು ಬಹುಶಃ ಅದರಿಂದಲೇ.

ಕಥೆ ನಡೆಯುವ ನ್ಯೂಪೋರ್ಟ್ ಅಮೆರಿಕದ ಸಿರಿವಂತರ ಬೇಸಿಗೆಯ ಊರು. ವ್ಯಾಂಡರ್ಬಿಲ್ಟ್ ಮನೆತನ 1895ರಲ್ಲಿ ಇಲ್ಲಿ ಕಟ್ಟಿಸಿದ ‘ದಿ ಬ್ರೇಕರ್ಸ್’ಗೆ 70 ಕೋಣೆಗಳು, ಅದೂ ಬೇಸಿಗೆಯ ತಂಗುಮನೆ! ಇಂಥ ಊರಿನ ಒಂದು ಹಳೆಯ ಬಂಗಲೆಯನ್ನು ಚಳಿಗಾಲದಲ್ಲಿ ನೋಡಿಕೊಳ್ಳುವ ಕೆಲಸ ಕಾದಂಬರಿಯ ಕೊನೆಗೆ ಫೀಬಿಯನ್ನು ಹುಡುಕಿಕೊಂಡು ಬರುತ್ತದೆ. ಒಂದು ರಾತ್ರಿಗೆಂದು ಕೋಣೆ ಹಿಡಿದವಳು ಇಡೀ ಚಳಿಗಾಲ ಉಳಿಯಲು ಒಪ್ಪುತ್ತಾಳೆ.