ಇನ್‌ಶಾ ಅಲ್ಲಾಹ್ ಅಂದ ಮೇಲೆ ಹೋಗಬೇಕು

ಗಲ್ಫ್‌ನಲ್ಲಿ ಎಂಟು ವರ್ಷ ಏಸಿ ಮೆಕ್ಯಾನಿಕ್ ಆಗಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಊರಿಗೆ ಬಂದು ರಿಪೇರಿ ಅಂಗಡಿ ಇಟ್ಟಿದ್ದಾನೆ. ಕೈಕೆಲಸ ಚೆನ್ನಾಗಿದೆ. ಆದರೂ ಆರು ತಿಂಗಳಾಗುವಾಗ ಬಾಡಿಗೆ ಕೊಡಲಿಕ್ಕೆ ಕಷ್ಟ ಆಯಿತು. ಒಂದು ದಿನ ಅಸರ್ ನಮಾಝ್ ಮುಗಿಸಿ ಹೊರಗೆ ಬರುವಾಗ, "ಉಸ್ತಾದ್, ಪುನಃ ವೀಸಾ ನೋಡುವುದಾ ಅಂತ ಉಂಟು. ಸಣ್ಣ ಮಗು, ಬಿಟ್ಟು ಹೋಗಲಿಕ್ಕೆ ಮನಸ್ಸಿಲ್ಲ. ದುಆ ಮಾಡಿ" ಅಂದ. ದೊಡ್ಡ ಬೋರ್ಡ್ ಹಾಕಿದರೆ ಗಿರಾಕಿ ಬರಬಹುದಾ ಎಂಬ ಲೆಕ್ಕವೂ ಅವನಲ್ಲಿತ್ತು.

ದುಆ ಮಾಡಿದೆ. ಜೊತೆಗೆ ಒಂದು ಮಾತು ಹೇಳಲೇಬೇಕಾಯಿತು. "ಮದ್ರಸದ ನೀರಿನ ಕೂಲರ್ ನೋಡಲಿಕ್ಕೆ ನಾಳೆ ಬರುತ್ತೇನೆ, ಇನ್‌ಶಾ ಅಲ್ಲಾಹ್ ಅಂದವನು ನೀನು. ಹನ್ನೊಂದು ದಿನ ಆಯಿತು." ಪಾಪ, ತಲೆ ತಗ್ಗಿಸಿದ.

ನಾಳೆಯ ಕೆಲಸದ ಮಾತಾಡುವಾಗ ಇನ್‌ಶಾ ಅಲ್ಲಾಹ್ ಹೇಳಬೇಕೆಂದು ಸೂರಃ ಅಲ್‌ಕಹ್ಫ್ ಕಲಿಸುತ್ತದೆ. ನಾವು ಅದನ್ನು ಬಾರದೆ ಇರುವುದಕ್ಕೆ ನೆಪ ಮಾಡಿಕೊಂಡಿದ್ದೇವೆ. ಈಗ ಆ ಮಾತು ಕೇಳಿದ ಕೂಡಲೇ ಗಿರಾಕಿ ಬೇರೆಯವರಿಗೆ ಫೋನ್ ಮಾಡುವಷ್ಟರ ಮಟ್ಟಿಗೆ! ವಾಗ್ದಾನ ಮುರಿಯುವುದು ಮುನಾಫಿಕನ ಲಕ್ಷಣಗಳಲ್ಲಿ ಒಂದೆಂದು ಮಕ್ಕಳಿಗೆ ಪಾಠ ಮಾಡುತ್ತೇವೆ, ಅಂಗಡಿ ಇಟ್ಟಾಗ ಮರೆಯುತ್ತೇವೆ.

ಸೇವೆಯ ವ್ಯಾಪಾರದಲ್ಲಿ ತೋರಿಸಲಿಕ್ಕೆ ಸಾಮಾನು ಇಲ್ಲ. ಇರುವುದು ಮಾತು ಮಾತ್ರ. ನಾಲ್ಕು ಗಂಟೆಗೆ ಅಂದರೆ ನಾಲ್ಕಕ್ಕೆ ಹೋಗಬೇಕು, ಆಗದಿದ್ದರೆ ಮೂರಕ್ಕೇ ಫೋನ್ ಮಾಡಬೇಕು. ವಾಟ್ಸ್ಯಾಪ್ ಬಿಸಿನೆಸ್ ಪುಕ್ಕಟೆ ಸಿಗುತ್ತದೆ. ಜುಮುಅಃ ಹೊತ್ತಿನಲ್ಲಿ ಯಾರಾದರೂ ಸಂದೇಶ ಕಳಿಸಿದರೆ "ಎರಡು ಗಂಟೆಗೆ ಮಾತಾಡುತ್ತೇನೆ" ಎಂಬ ಉತ್ತರ ತಾನಾಗಿ ಹೋಗುವಂತೆ ಅದರಲ್ಲಿ ಮಾಡಬಹುದು. ಗೂಗಲ್ ಮ್ಯಾಪ್‌ನಲ್ಲಿ ಅಂಗಡಿ ಸೇರಿಸಲಿಕ್ಕೂ ಹಣ ಬೇಡ. ಜಮಾಅತ್ ಗ್ರೂಪಿನಲ್ಲಿ ಮಾತ್ರ ನಂಬರ್ ಹಾಕಿದರೆ ನಮ್ಮವರಿಗಷ್ಟೇ ಗೊತ್ತಾಗುತ್ತದೆ. ಪಕ್ಕದ ಬೀದಿಯ ಭಟ್ಟರಿಗೂ ಪೊರ್ಬುಗಳಿಗೂ ಏಸಿ ಕೆಡುತ್ತದೆ ತಾನೇ?

ಆ ಮ್ಯಾಪ್‌ನಲ್ಲಿ ಹಣ ಕೊಟ್ಟು ನಕ್ಷತ್ರ ಹಾಕಿಸುವವರಿದ್ದಾರೆ. ಅದು ಸುಳ್ಳು ಸಾಕ್ಷಿ. ಮದೀನಾದ ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಪ್ರವಾದಿಯವರು (ಸ.ಅ.) ಕೈ ಹಾಕಿದಾಗ ಮೇಲೆ ಒಣಗಿದ್ದು, ಅಡಿಯಲ್ಲಿ ಒದ್ದೆ ಇತ್ತು. ವಂಚಿಸುವವನು ನಮ್ಮವನಲ್ಲ ಎಂಬ ಅರ್ಥದ ಮಾತು ಬಂದದ್ದು ಆಗಲೇ. ಏಸಿಯಲ್ಲೂ ಅಂಥ ರಾಶಿ ಉಂಟು. ಸೋರಿಕೆ ಇಲ್ಲದಿದ್ದರೆ ಗ್ಯಾಸ್ ಖಾಲಿಯಾಗುವುದಿಲ್ಲವಂತೆ, ಅನೇಕ ಸಲ ಫಿಲ್ಟರಿನ ಧೂಳೇ ಕಾರಣ. ಇದನ್ನು ಹೇಳಿದವನು ಅವನೇ. "ಗ್ಯಾಸ್ ಬೇಡ, ತೊಳೆದರೆ ಸಾಕು" ಎಂದು ಹೇಳಿ ಬಂದ ಮನೆಯವರು ಇನ್ನೂ ಮೂರು ಮನೆಗೆ ಅವನ ನಂಬರ್ ಕೊಟ್ಟರಂತೆ. ಬೋರ್ಡಿಗೆ ಇಡಲು ಹೊರಟ ದುಡ್ಡಿನಲ್ಲಿ ರಶೀದಿ ಪುಸ್ತಕವನ್ನೂ ಸ್ಟಿಕ್ಕರನ್ನೂ ಮಾಡಿಸಿಕೊಂಡ. ಮಾಡಿದ ಕೆಲಸ, ದಿನಾಂಕ, ಫೋನ್ ನಂಬರ್ ಬರೆದು ಯಂತ್ರಕ್ಕೇ ಅಂಟಿಸುತ್ತಾನೆ. ಸೆಕೆ ಶುರುವಾಗುವ ಮೊದಲೇ, ಜನವರಿಯಲ್ಲಿ, ಪುಸ್ತಕ ನೋಡಿ ಹಳಬರಿಗೆ ಫೋನ್ ಮಾಡುವ ಅಂದಾಜು.

ವೀಸಾದ ಮಾತು ಪೂರ್ತಿ ನಿಂತಿಲ್ಲ, ಬ್ಯಾಂಕಿನ ಸಾಲ ಬಾಕಿ ಉಂಟು. ಮದ್ರಸದ ಕೂಲರ್ ಮಾತ್ರ ಮರುದಿನ ಬೆಳಿಗ್ಗೆ ಏಳಕ್ಕೇ ಸರಿಯಾಯಿತು. ಸ್ಟಿಕ್ಕರನ್ನು ಮಕ್ಕಳು ಅರ್ಧ ಕಿತ್ತಿದ್ದಾರೆ.